ಒಂಬತ್ತನೆಯ ಮೆಟ್ಟಿಲು

ಅಪ್ಪ ಕಲ್ಲುಮನೆಯನ್ನು ಹುಟ್ಟುಗುರುಡಿ ಅಕ್ಕನ ಹೆಸರಿಗೆ ಬರೆದಿಟ್ಟು ಸತ್ತದ್ದನ್ನು ಅವನು ಎಂದೂ ಕ್ಷಮಿಸಲಿಲ್ಲ. ಕುರುಡಿಯ ಕೈಗೆ ಕನ್ನಡಿ! ಆ ಮನೆಯ ಚರಿತ್ರೆ ಬರೆಯುತ್ತಿದ್ದವನು ಅವನು. ಗೋಡೆಗಳ ಮೂರಡಿ ದಪ್ಪ, ಗಾರೆಯ ಹದ, ಬಾಗಿಲ ತಲೆಗಲ್ಲಿನ ಉಳಿಗುರುತು, ಎಲ್ಲವನ್ನೂ ಅಳೆದು ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುವವನು ಅವನು. ಹುಟ್ಟಿದ ಮನೆಯಲ್ಲೇ ಐವತ್ತು ವರ್ಷ ಕಳೆದೂ ಈಗ ಅಕ್ಕನ ದಯೆಯಲ್ಲಿರುವ ಅತಿಥಿ. ಅವನ ಜ್ವರಕ್ಕೆ ರಾತ್ರಿಗಟ್ಟಲೆ ಒದ್ದೆ ಬಟ್ಟೆ ಹಾಕಿದವಳು ಅವಳೇ. ಕೃತಜ್ಞತೆ ಮಾತ್ರ ಅವನ ಪಠ್ಯದಲ್ಲಿರಲಿಲ್ಲ.

ಉಪಾಯ ಹೊಳೆದದ್ದು ಅವನದೇ ಹಸ್ತಪ್ರತಿಯ ಆರನೆಯ ಅಧ್ಯಾಯದಲ್ಲಿ. ಮನೆ ಕಟ್ಟಿದ ಕಲ್ಲುಕುಟಿಗರು ಮಹಡಿಯ ಕಡಿದಾದ ಮೆಟ್ಟಿಲುಗಳಲ್ಲಿ, ಮೇಲಿನಿಂದ ಒಂಬತ್ತನೆಯದನ್ನು ಬೇಕೆಂದೇ ಅಡಿಗೊಂದು ಚಪ್ಪಡಿಯಿಟ್ಟು ನಾಲ್ಕು ಬೆರಳು ಎತ್ತರಿಸಿದ್ದರು: ಹತ್ತಿ ಬರುವ ಕಳ್ಳ ಎಡವಲಿ, ಮನೆಯವರಿಗೆ ಎಚ್ಚರವಾಗಲಿ ಎಂದು. ಮನೆಯವರ ಕಾಲಿಗೆ ಅದು ರೂಢಿ. ಅಕ್ಕ ಗೋಡೆ ಮುಟ್ಟದೆ, ದಾರ ಹಿಡಿದಂತೆ ನೇರ ಇಳಿಯುತ್ತಿದ್ದಳು.

ಆ ಕಲ್ಲನ್ನು ಉಳಿದವುಗಳ ಮಟ್ಟಕ್ಕೆ ಇಳಿಸಿಬಿಟ್ಟರೆ? ಪಾದ ಕಲ್ಲೆಂದು ನಂಬಿದೆಡೆ ಬರೀ ಗಾಳಿ. ಕೆಳಗೆ ಇನ್ನೂ ಹನ್ನೊಂದು ಮೆಟ್ಟಿಲು, ಬುಡದಲ್ಲಿ ಹಾಸುಬಂಡೆ. ಪೊಲೀಸರು ಅಳೆದರೂ ಸಿಗುವುದು ಕೂದಲೆಳೆಯ ದೋಷವಿಲ್ಲದ ಮೆಟ್ಟಿಲ ಸಾಲು. ತಪ್ಪನ್ನು ತಿದ್ದಿದವನಿಗೆ ಯಾವ ಕಾನೂನು ಶಿಕ್ಷೆ ಕೊಟ್ಟೀತು? ಹಸ್ತಪ್ರತಿಯ ಆ ಎರಡು ಸಾಲುಗಳನ್ನು ಅವನು ಹೊಡೆದುಹಾಕಿದ. ಇನ್ನು ವಿಷಯ ಬಲ್ಲವರು ಅಕ್ಕ ತಮ್ಮ ಇಬ್ಬರೇ, ನಾಳೆಗೆ ಒಬ್ಬನೇ.

ಭಾನುವಾರ ಬೆಳಿಗ್ಗೆ ಮಹಡಿಯಲ್ಲಿ ಅಕ್ಕನ ಹೊಲಿಗೆಯಂತ್ರ ಗಡಗಡಿಸುತ್ತಿರುವಾಗಲೇ ಮೆಟ್ಟಿಲುಗಲ್ಲನ್ನು ಹಾರೆಯಿಂದ ಮೀಟಿ, ಅಡಿಯ ಚಪ್ಪಡಿಯನ್ನು ಎಳೆದ. ಕಲ್ಲು ವಿಧೇಯ ವಿದ್ಯಾರ್ಥಿಯಂತೆ ತಗ್ಗಿ ಕೂತಿತು. ಚಪ್ಪಡಿಯನ್ನು ಹಿತ್ತಲಿಗೆ ಸಾಗಿಸಿ, ಕೈ ತೊಳೆದು, ಕೆಳಗೆ ಕುರ್ಚಿ ಹಾಕಿಕೊಂಡು ಕಾದ.

ಯಂತ್ರ ನಿಂತಿತು.

"ತಮ್ಮಾ, ಇದರ ಚಕ್ರ ಮತ್ತೆ ಹಠ ಹಿಡೀತು ಕಣೋ. ರಿಪೇರಿಯವನು ಬರ್ತಾನೆ, ಕೆಳಗೆ ತಂದಿಡು. ನಿನ್ನ ಹಿಂದೇನೇ ಇಳೀತೀನಿ."

ಒಂಬತ್ತನೆಯದನ್ನು ಕಣ್ಣಿಟ್ಟು ನೋಡಿ, ಮೆಚ್ಚಿ, ದಾಟಿ ಹತ್ತಿದ. ಯಂತ್ರವನ್ನು ಎದೆಗವಚಿಕೊಂಡ, ಅದರಾಚೆ ತನ್ನ ಪಾದಗಳು ಅವನಿಗೆ ಕಾಣಲಿಲ್ಲ.

"ಒಂಬತ್ತನೇದು ಜೋಪಾನ. ಅಲ್ಲೇ ಅಲ್ವೇನೋ ನಿನ್ನ ಹಾಲುಹಲ್ಲು ಮುರಿದಿದ್ದು, ಪಂಡಿತಾ!"

"ನಂಗೇ ಪಾಠ ಹೇಳ್ತೀಯಾ? ನೀನು ಬಾಕ್ಕ, ಬಾ."

ನೆರೆಯವರ ಮುಂದೆ ಎಷ್ಟು ಅತ್ತರೆ ಸಾಕು ಎಂದು ಲೆಕ್ಕಹಾಕುತ್ತ ಅವನು ಇಳಿದ. ಏಳು. ಎಂಟು. ಸಂಚು ಹೂಡಿದ್ದು ತಲೆ, ಕಲ್ಲು ಮೀಟಿದ್ದು ಕೈ. ಐವತ್ತು ವರ್ಷ ಅದೇ ಮೆಟ್ಟಿಲಿಳಿದ ಅವನ ಕಾಲಿಗೆ ಮಾತ್ರ ಯಾರೂ ಏನನ್ನೂ ತಿಳಿಸಿರಲಿಲ್ಲ. ಅದು ನಾಲ್ಕು ಬೆರಳು ಮೇಲೆಯೇ ತನ್ನ ಹಳೆಯ ಕಲ್ಲನ್ನು ಹುಡುಕಿ, ಕಾಣದೆ, ಅವನನ್ನೂ ಯಂತ್ರವನ್ನೂ ಬುಡದ ಹಾಸುಬಂಡೆಗೆ ಒಪ್ಪಿಸಿತು. ಸದ್ದಡಗಿದ ಮೇಲೆ ಅಕ್ಕ ನಿಂತಲ್ಲಿಂದಲೇ ಕೂಗಿದಳು: "ತಮ್ಮಾ... ಜೋಪಾನ ಅಂದಿದ್ನಲ್ಲೋ?"