ಬಲಚಕ್ರದ ಕೆಳಗಿನ ಪಿನ್ನು

ತಾರೀಖು ಹದಿನಾಲ್ಕು, ಬುಧವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದ ಗಂಡಸೊಬ್ಬ ಠಾಣೆಯ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿ ಬಂದು ದೂರು ಕೊಟ್ಟ. ಹಿಂದೆ ಲಾರಿ ಚಾಲಕ. ಎರಡು ವರ್ಷದ ಕೆಳಗೆ ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಮನೆಯಲ್ಲೇ ಇದ್ದಾನೆ. ಮನೆಯ ಪಿಕಪ್ಪನ್ನು ಈಗ ಹೆಂಡತಿ ಓಡಿಸುತ್ತಾಳೆ. ಅಂಗಡಿ, ಕಚೇರಿಗಳಿಗೆ ಕುಡಿಯುವ ನೀರಿನ ಕ್ಯಾನು ಹಾಕುವುದು ಅವಳ ಕೆಲಸ. ಆ ದಿನ ಒಂಬತ್ತು ಹತ್ತಕ್ಕೆ ಶಾಲೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗಾಡಿ ಗೋಡೆಗೆ ತಾಗಿ, ಅವಳ ಎಡ ಮಣಿಕಟ್ಟೂ ಭುಜದ ಮೂಳೆಯೂ ಮುರಿದಿದ್ದವು.

"ಮೂರನೇ ತಾರೀಖು ಮೇಸ್ತ್ರಿ ಬ್ರೇಕ್ ಸರ್ವಿಸ್ ಮಾಡಿದ್ದ. ಇನ್ಯಾರ ಮೇಲೆ ಹೇಳ್ಲಿ ಸಾರ್?" ಎಂದ. ರೈಟರ್ ಎಫ್‌ಐಆರ್ ದಾಖಲಿಸಿ, ಆರೋಪಿಯ ಕಾಲಮ್ಮಿನಲ್ಲಿ ಗ್ಯಾರೇಜಿನ ಮೇಸ್ತ್ರಿಯ ಹೆಸರು ಬರೆದರು. ಬರೆಯುವಾಗ ಅವರ ಮುಖ ಹುಳ್ಳಗಾಗಿತ್ತು. ಠಾಣೆಯ ಜೀಪಿನ ಬ್ರೇಕು ಹದಿನೈದು ವರ್ಷದಿಂದ ಅದೇ ಮೇಸ್ತ್ರಿಯ ಕೈಯಲ್ಲಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ ಆಗ್ಬಾರ್ದು ಸಾರ್," ಎಂದರು ದಫೇದಾರರು.

"ಜ್ವರ ಯಾರಿಗೆ ಅಂತ ಮೊದಲು ನೋಡೋಣ ಬನ್ನಿ," ಎಂದು ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಇಳಿಜಾರಿನ ಬಲಕ್ಕೆ ಉದ್ದಕ್ಕೂ ಕಲ್ಲಿನ ಗೋಡೆ, ಕೊನೆಗೆ ಶಾಲೆಯ ಗೇಟು. ಗೋಡೆಯ ಮೇಲೆ ಬಿಳಿ ಬಣ್ಣದ ಗೀರು. ದಫೇದಾರರು ಟೇಪು ಹಿಡಿದು ಅಳೆದರು: ಮೂವತ್ತೆಂಟು ಮೀಟರ್. ಗೀರು ಎಲ್ಲೂ ತುಂಡಾಗಿರಲಿಲ್ಲ, ಒಂದು ಕಲ್ಲೂ ಕಿತ್ತಿರಲಿಲ್ಲ. ಅರವತ್ತು ಕ್ಯಾನು ಹೊತ್ತ ಗಾಡಿ, ಒಂದು ಟನ್ನಿಗೂ ಮೇಲಿನ ಭಾರ, ಗೋಡೆಗೆ ಮೈ ಉಜ್ಜುತ್ತಲೇ ಬಂದು ಗೇಟಿಗೆ ಒಂದೂಕಾಲು ಮೀಟರ್ ಇರುವಾಗ ಕಂಬಕ್ಕೆ ತಾಗಿ ನಿಂತಿತ್ತು. ಗೇಟಿನಲ್ಲಿ ಆ ಹೊತ್ತಿಗೆ ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು.

ಎದುರಿನ ಝೆರಾಕ್ಸ್ ಅಂಗಡಿಯವನು ಹೇಳಿಕೆ ಕೊಟ್ಟ. "ಗುದ್ದಲಿಲ್ಲ ಸಾರ್. ಒರಗಿಸ್ಕೊಂಡೇ ಬಂದ್ರು ಅಕ್ಕ. ಎಂಜಿನ್ ಕಿರ್ರೋ ಅಂತ ಕೂಗ್ತಾ ಇತ್ತು. ನಾನು ಕಣ್ಣು ಮುಚ್ಕೊಂಡೆ. ತೆಗೆದಾಗ ಗಾಡಿ ನಿಂತಿತ್ತು."

ಇನ್‌ಸ್ಪೆಕ್ಟರ್ ಇಳಿಜಾರನ್ನು ಮೇಲಿಂದ ಕೆಳಗೆ ಒಮ್ಮೆ ನಡೆದರು, ಕೆಳಗಿಂದ ಮೇಲೆ ಇನ್ನೊಮ್ಮೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನೂರಾರು ಅಪಘಾತ ನೋಡಿದವರು. ಇಂಥದ್ದನ್ನು ನೋಡಿರಲಿಲ್ಲ.

"ಅಬ್ಬಾ! ಹೆಣ್ಣುಮಗಳಲ್ಲ ರೀ ಇದು," ಎಂದು ದಫೇದಾರರು ಅಂದದ್ದೇ ತಡ, ಪಕ್ಕದಲ್ಲಿದ್ದ ಮಹಿಳಾ ಪೇದೆ, "ಹೆಣ್ಣುಮಗಳೇ ಸಾರ್. ಅದಕ್ಕೇ ನಿಂತಿದ್ದು," ಎಂದಳು. ದಫೇದಾರರು ಟೇಪು ಸುತ್ತುವುದರಲ್ಲಿ ಮಗ್ನರಾದರು.

ಮೂರು ಗಂಟೆಗೆ ಆಸ್ಪತ್ರೆ. ಅಕ್ಕ ಎಂದೇ ಎಲ್ಲರೂ ಕರೆಯುವ ಆ ಚಾಲಕಿ, ಎಡಗೈಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿದ್ದಳು.

"ಬ್ರೇಕು ಯಾವಾಗ ಕೈಕೊಡ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಇಳಿಜಾರಿನ ಅರ್ಧಕ್ಕೆ. ಪೆಡಲ್ ಒತ್ತಿದ್ರೆ ಹತ್ತಿ ಒತ್ತಿದಂಗೆ ಕೆಳಗೋಯ್ತು."

"ಆಮೇಲೆ?"

"ಮೂರನೇ ಗೇರು, ಎರಡು, ಒಂದು. ಹ್ಯಾಂಡ್‌ಬ್ರೇಕು. ಆಮೇಲೆ ಗೋಡೆ. ನಮ್ಮ ಯಜಮಾನ್ರು ಹೇಳ್ಕೊಟ್ಟಿದ್ರು. ಬ್ರೇಕು ಕೈ ಬಿಟ್ರೂ ಗೇರು ಕೈ ಬಿಡಲ್ಲ, ಅದೂ ಸಾಲದಿದ್ರೆ ಗಾಡಿ ಮೈ ಸವೆಸು, ಮೂತಿ ಕೊಡಬೇಡ ಅಂತ."

"ಮೊದಲೇನೂ ಸುಳಿವಿರಲಿಲ್ವಾ?"

"ಎರಡು ದಿನದಿಂದ ಸುಟ್ಟ ವಾಸನೆ ಇತ್ತು. ಗಾಡಿ ಬಲಕ್ಕೆ ಎಳೀತಿತ್ತು. ಇವತ್ತು ಸಂಜೆ ಮೇಸ್ತ್ರಿ ಹತ್ರ ಹೋಗೋಣ ಅಂದ್ಕೊಂಡಿದ್ದೆ. ಆದ್ರೆ ಗೀಟು ಸರಿಯಾಗೇ ಇತ್ತು ಸಾರ್."

"ಯಾವ ಗೀಟು?"

ಅಕ್ಕ ವಿವರಿಸಿದಳು. ಮೇಸ್ತ್ರಿ ಬೋಲ್ಟು ಬಿಗಿದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೀಟು ಎಳೆಯುತ್ತಾರೆ. ಬೋಲ್ಟು ಸಡಿಲಾದರೂ, ಯಾರಾದರೂ ಬಿಚ್ಚಿದರೂ ಗೀಟು ಮುರಿಯುತ್ತದೆ. ದಿನಾ ಬೆಳಿಗ್ಗೆ ಸ್ಟೇರಿಂಗ್ ತಿರುಗಿಸಿ, ಚಕ್ರದ ಹಿಂದೆ ಇಣುಕಿ, ಎರಡೂ ಕಡೆಯ ನಾಲ್ಕು ಗೀಟು ನೋಡಿಯೇ ಅವಳು ಗಾಡಿ ಹೊರಡಿಸುವುದು. ಹೇಳಿಕೆ ಓದಿಸಿ ಮಹಿಳಾ ಪೇದೆ ಸಹಿ ಹಾಕಿಸಿಕೊಂಡಳು. ಪೆನ್ನು ಹಿಡಿದ ಅಕ್ಕನ ಬೆರಳುಗಳ ಉಗುರಲ್ಲಿ ಮಿಂಚಿನ ಪುಡಿ ಬೆರೆತ ಕೆಂಪು ಬಣ್ಣವಿತ್ತು. ಚೆನ್ನಾಗಿದೆ ಅನಿಸಿ, ಯಾವ ಅಂಗಡಿಯದ್ದು ಎಂದು ಕೇಳಬೇಕೆಂದುಕೊಂಡ ಪೇದೆ ಸಾಹೇಬರು ಇದ್ದಾರೆಂದು ಸುಮ್ಮನಾದಳು.

ಹದಿನೈದನೇ ತಾರೀಖು, ಗುರುವಾರ, ಹತ್ತು ಗಂಟೆಗೆ ಠಾಣೆಯ ಅಂಗಳದಲ್ಲಿ ಇಬ್ಬರು ಪಂಚರ ಎದುರು ಗಾಡಿಯ ಮುಂದಿನ ಚಕ್ರ ಬಿಚ್ಚಿಸಲಾಯಿತು. ಬಿಚ್ಚಿದವರು ಸಾರಿಗೆ ಕಚೇರಿಯ ವಾಹನ ನಿರೀಕ್ಷಕರು. ಮೇಸ್ತ್ರಿ ಆರೋಪಿಯಾದ್ದರಿಂದ ಏನನ್ನೂ ಮುಟ್ಟುವಂತಿಲ್ಲ. ಅರವತ್ತೆರಡರ ಆ ಮನುಷ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೂರು ಹೆಜ್ಜೆ ದೂರ ನಿಂತರು.

"ನಲವತ್ತು ವರ್ಷ ಆಯ್ತು ಸಾರ್," ಎಂದರು. "ನನ್ನ ತಪ್ಪಾಗಿದ್ರೆ ಇವತ್ತೇ ಶಟರ್ ಎಳೀತೀನಿ. ನೀವು ಬೀಗ ಹಾಕೋದು ಬೇಕಾಗಿಲ್ಲ."

ಮೊದಲು ಎಡಚಕ್ರ. ನಿರೀಕ್ಷಕರು ಬೋಲ್ಟು ತೆಗೆದು, ಕಿರುಬೆರಳಿಗಿಂತ ತುಸು ದಪ್ಪದ ಎರಡು ಉಕ್ಕಿನ ಪಿನ್ನು ತೋರಿಸಿದರು. ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುವ ಹಿಡಿಕೆಗೆ ಕ್ಯಾಲಿಪರ್ ಎನ್ನುತ್ತಾರೆ. ಅದು ಜಾರುವುದು ಈ ಎರಡು ಪಿನ್ನಿನ ಮೇಲೆ. ಕಾಲು ಒತ್ತಿದರೆ ಹಿಡಿಯಬೇಕು, ತೆಗೆದರೆ ಬಿಡಬೇಕು. ಇನ್‌ಸ್ಪೆಕ್ಟರ್ ಒಂದು ಬೆರಳಿನಿಂದ ಪಿನ್ನನ್ನು ತಳ್ಳಿದರು. ಅದು ನಯವಾಗಿ ಒಳಗೆ ಹೋಗಿ, ಒಳಗಿನ ಗಾಳಿಯ ಒತ್ತಡಕ್ಕೆ ತಾನಾಗಿಯೇ ಚೂರು ಹಿಂದೆ ಬಂತು. ಸುಮ್ಮನೆ ಇನ್ನೊಮ್ಮೆ ತಳ್ಳಿದರು. ಮತ್ತೊಮ್ಮೆ. ಒಂದು ಟನ್ ಹೊತ್ತ ಗಾಡಿ, ಗೇಟಿನ ತುಂಬ ಮಕ್ಕಳು, ಎಲ್ಲಾ ಈ ಬೆರಳುದ್ದದ ವಸ್ತುವಿನ ಮೇಲೆ! ಇಷ್ಟು ವರ್ಷ ಜೀಪಿನಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಓಡಾಡಿದ್ದು ನೆನೆದು ಅವರ ಮೈ ಜುಮ್ಮೆಂದಿತು.

ಬಲಚಕ್ರ. ತಟ್ಟೆ ಕಾದು ನೀಲಿಗಟ್ಟಿತ್ತು. ಒಳಗಿನ ಪ್ಯಾಡು ಸವೆದು ರಟ್ಟಿನಷ್ಟಾಗಿತ್ತು, ಹೊರಗಿನದು ದಪ್ಪಗೇ ಇತ್ತು. ಮೇಲಿನ ಪಿನ್ನು ಆಡಿತು. ಕೆಳಗಿನದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇಕ್ಕಳ ಹಾಕಿ ಎಳೆದಾಗ ಉಬ್ಬಿದ ರಬ್ಬರಿನ ಸಮೇತ ಬಂತು.

ಮೇಸ್ತ್ರಿ ಕೈ ಕಟ್ಟಿಕೊಂಡೇ ಬಗ್ಗಿದರು, ಮೂಸಿದರು.

"ಇದು ನನ್ನ ಕೈಯಲ್ಲ ಸಾರ್. ನಾನು ಹಾಕೋದು ಸಿಲಿಕಾನ್ ಗ್ರೀಸು, ಆ ಮೂರು ಪಿನ್ನಲ್ಲೂ ಅದೇ ಇದೆ ನೋಡಿ. ಇದು ಬೇರಿಂಗಿನ ಹಳದಿ ಗ್ರೀಸು. ರಬ್ಬರಿಗೆ ವಿಷ. ವಾರದಲ್ಲಿ ರಬ್ಬರು ಉಬ್ಬಿ ಪಿನ್ನನ್ನ ಕಚ್ಕೊಳ್ಳತ್ತೆ. ಬ್ರೇಕು ಹಿಡಿದದ್ದು ಬಿಡಲ್ಲ. ಉಜ್ಜಿ ಉಜ್ಜಿ ಕಾಯತ್ತೆ. ಇಳಿಜಾರಲ್ಲಿ ಭಾರ ಇದ್ರೆ ಬ್ರೇಕ್ ಆಯಿಲ್ಲೇ ಕುದಿಯತ್ತೆ. ಕುದ್ರೆ ಪೆಡಲ್ ಹತ್ತಿ ಒತ್ತಿದಂಗೆ."

ಅಕ್ಕ ಆಡಿದ್ದೂ ಅದೇ ಮಾತು. ಒಂದನ್ನೂ ಮುಟ್ಟದೆ, ಆಸ್ಪತ್ರೆಗೆ ಕಾಲಿಡದೆ, ಈ ಮನುಷ್ಯ ಹತ್ತು ದಿನದ ಕತೆಯನ್ನು ಕಬ್ಬಿಣದಿಂದ ಓದಿ ಹೇಳುತ್ತಿದ್ದರು. ವಾಹನ ನಿರೀಕ್ಷಕರು ಬರೆದುಕೊಳ್ಳುವುದನ್ನು ಬಿಟ್ಟು ಅವರ ಮುಖವನ್ನೇ ನೋಡಿದರು.

"ಆದ್ರೆ ಬಿಚ್ಚೋಕೆ ಮೊದಲು ಈ ಬೋಲ್ಟಿನ ಗೀಟು ಮುರಿದಿರಲಿಲ್ಲವಲ್ಲ ಮೇಸ್ತ್ರಿ?" ಎಂದರು ಇನ್‌ಸ್ಪೆಕ್ಟರ್.

ಮಹಿಳಾ ಪೇದೆ ಮೊಣಕಾಲೂರಿ ಬೋಲ್ಟನ್ನು ಬೆಳಕಿಗೆ ಹಿಡಿದಳು. "ಸಾರ್, ಈ ಗೀಟಲ್ಲಿ ಮಿಂಚಿದೆ. ಬೇರೆ ಮೂರರಲ್ಲಿ ಇಲ್ಲ." ಬೋಲ್ಟನ್ನು ಅವರ ಮುಂದೆ ಹಿಡಿದು ಹೇಳಿದಳು: "ಈ ಬಣ್ಣ ನಾನು ನಿನ್ನೆ ಅಕ್ಕನ ಉಗುರಲ್ಲಿ ನೋಡಿದೀನಿ."

ತನ್ನ ಗಾಡಿಯ ಬ್ರೇಕು ತಾನೇ ಕೆಡಿಸಿಕೊಂಡು ಇಳಿಜಾರಿಗೆ ಹೋಗುವವರುಂಟೆ? ಆ ಮನೆಯಲ್ಲಿರುವುದು ಇಬ್ಬರೇ.

"ಹಳದಿ ಗ್ರೀಸಿನ ವಿಷಯ ಯಾರಿಗಾದ್ರೂ ಹೇಳಿದ್ರಾ?" ಇನ್‌ಸ್ಪೆಕ್ಟರ್ ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ನೆಲ ನೋಡಿದರು. "ಸರ್ವಿಸ್ ಮಾಡಿದ ದಿನ ಅಕ್ಕನ ಜೊತೆ ಯಜಮಾನ್ರೂ ಬಂದಿದ್ರು. ಸ್ಟೂಲ್ ಮೇಲೆ ಕೂತು ನೋಡ್ತಿದ್ರು. ಲಾರೀಲಿ ನಾವು ಎಲ್ಲಕ್ಕೂ ಹಳದೀನೇ ಬಳೀತಿದ್ವಿ ಅಂದ್ರು. ನಾನು ದೊಡ್ಡ ಮನುಷ್ಯನ ಥರ ಪಾಠ ಮಾಡ್ದೆ. ಅಕ್ಕನ ಎದುರಿಗೇ."

ಹದಿನಾರನೇ ತಾರೀಖು, ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ. ಅಕ್ಕನ ಮನೆಯ ಹಿಂದಿನ ಶೆಡ್ಡಿನ ಗೋಡೆಯ ಮೇಲೆ ಗಂಡ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದು, ಅದರ ಮೇಲೆ ಅದನ್ನೇ ತೂಗುಹಾಕಿದ್ದ. ಒಂದರ ಮೇಲೂ ಧೂಳಿಲ್ಲ. ಹಲಗೆಯ ಮೇಲೆ ಮಡಿಸಿದ ಬಟ್ಟೆ. ಅದರ ಮೇಲೆ ಹೊಸ ಪಿನ್ನು, ಹೊಸ ರಬ್ಬರು, ಸೀಲು ಒಡೆಯದ ಸಿಲಿಕಾನ್ ಗ್ರೀಸಿನ ಟ್ಯೂಬು. ಪಕ್ಕದಲ್ಲಿ ಮಿಂಚಿನ ನೇಲ್ ಪಾಲಿಶ್ ಸೀಸೆ. ದಫೇದಾರರು ಜಪ್ತಿ ಪಂಚನಾಮೆಗೆ ಒಂದೊಂದನ್ನೇ ಬರೆದರು.

"ಇದನ್ನೆಲ್ಲ ಯಾವಾಗ ತಂದದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನು ಬಿಚ್ಚಿಲ್ಲ ಸಾರ್."

"ಬಿಚ್ಚಿದ್ದು ಯಾರು ಅಂತ ನಾನಿನ್ನೂ ಕೇಳೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಗಂಡಸು ಗೋಡೆ ಹಿಡಿದು ಮೆಲ್ಲಗೆ ಸ್ಟೂಲಿನ ಮೇಲೆ ಕೂತ.

"ನಾಲ್ಕನೇ ತಾರೀಖು, ಭಾನುವಾರ. ಅವಳು ಅಕ್ಕಪಕ್ಕದವರ ಜೊತೆ ಹೊರಗೆ ಹೋಗಿದ್ಲು. ಒಂದು ಪಿನ್ನು ಬಿಚ್ಚೋಕೆ ಎರಡು ಗಂಟೆ ಹಿಡೀತು, ಈ ಬೆನ್ನಲ್ಲಿ."

"ಯಾಕೆ?"

"ಗಾಡಿ ಎಳೀಬೇಕು, ವಾಸನೆ ಬರ್ಬೇಕು, ಅಷ್ಟೇ ಸಾರ್. ಅವಳು ಬಂದು, ಇದೇನ್ರೀ, ಸ್ವಲ್ಪ ನೋಡಿ ಅನ್ಬೇಕು. ಅವಳ ಎದುರು ಬಿಚ್ಚಿ ಅರ್ಧ ಗಂಟೇಲಿ ಸರಿ ಮಾಡ್ಕೊಡೋಣ ಅಂತ ಎಲ್ಲಾ ತಂದಿಟ್ಕೊಂಡಿದ್ದೆ. ದಿನಾ ಸಂಜೆ ಬಾಗಿಲಲ್ಲೇ ಕೂತು ಕಾದೆ. ಅವಳು ಕೇಳ್ಲೇ ಇಲ್ಲ." ಮುಖ ಒರೆಸಿಕೊಂಡ. "ನಮ್ಮ ಲಾರಿಯ ಡ್ರಮ್ ಬ್ರೇಕು ಕಾದ್ರೆ ಹೊಗೆ ಬರ್ತಿತ್ತು, ನಿಲ್ಲಿಸ್ತಿದ್ವಿ. ಇದ್ರಲ್ಲಿ ಆಯಿಲ್ ಕುದಿಯತ್ತೆ ಅಂತ ನಂಗೊತ್ತಿರ್ಲಿಲ್ಲ."

"ಮೇಸ್ತ್ರಿ ಮೇಲೆ ದೂರು ಯಾಕೆ ಕೊಟ್ಟೆ?"

"ಭಯ ಆಯ್ತು. ಹೊಟ್ಟೆಕಿಚ್ಚೂ ಇತ್ತು. ಏನೇ ಆದ್ರೂ ಅವಳ ಬಾಯಲ್ಲಿ ಮೇಸ್ತ್ರಿ, ಮೇಸ್ತ್ರಿ."

ಐದು ನಲವತ್ತಕ್ಕೆ ದಸ್ತಗಿರಿ. ಮೇಸ್ತ್ರಿಯ ಹೆಸರನ್ನು ಆರೋಪಿ ಪಟ್ಟಿಯಿಂದ ಕೈಬಿಡಲು ನ್ಯಾಯಾಲಯಕ್ಕೆ ವರದಿ ಬರೆಯಲಾಯಿತು.

ಅಕ್ಕನಿಗೆ ವಿಷಯ ತಿಳಿಸಲು ಇನ್‌ಸ್ಪೆಕ್ಟರ್ ತಾವೇ ಆಸ್ಪತ್ರೆಗೆ ಹೋದರು. ಅವಳು ಪೂರ್ತಿ ಕೇಳಿದಳು.

"ಚಕ್ರ ಬಿಚ್ಚೋಕೆ ಬಗ್ಗಿದ್ರೆ ಅವರಿಗೆ ರಾತ್ರಿಯಿಡೀ ನೋಯತ್ತೆ ಸಾರ್," ಎಂದಳು. "ಗೊತ್ತಾದ್ರೆ ಬಗ್ಗೇ ಬಗ್ಗತಾರೆ, ಬೇಡ ಅಂದ್ರೂ ಕೇಳಲ್ಲ. ಅದಕ್ಕೇ ನಾನು ಗಾಡಿ ವಿಷಯ ಮನೇಲಿ ಎತ್ತತಾನೇ ಇರಲಿಲ್ಲ."

ಇನ್‌ಸ್ಪೆಕ್ಟರಿಗೆ ಮೂವತ್ತೆಂಟು ಮೀಟರ್ ಗೀರಿನ ಎದುರು ಆದ ಹಾಗೇ ಆಯಿತು. ಎದ್ದು ಬಾಗಿಲ ತನಕ ಬಂದಾಗ ಅವಳು ಕರೆದಳು.

"ಸಾರ್, ಲಾಕಪ್ಪಲ್ಲಿ ನೆಲದ ಮೇಲೆ ಮಲಗಿಸ್ತೀರಾ? ಅವರಿಗೆ ನೆಲ ಆಗಲ್ಲ."

ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್, ಸಿಬ್ಬಂದಿಯ ವಿಶ್ರಾಂತಿ ಕೋಣೆಯಲ್ಲಿದ್ದ ಹಲಗೆಯ ಮಂಚವನ್ನು ಲಾಕಪ್ಪಿಗೆ ಹಾಕಲು ಹೇಳಿದರು. ದಫೇದಾರರೂ ಮಹಿಳಾ ಪೇದೆಯೂ ಒಂದೊಂದು ತುದಿ ಹಿಡಿದು ಅದನ್ನು ಒಳಗೆ ಸಾಗಿಸಿದರು. ಕೇಸ್ ಡೈರಿಯಲ್ಲಿ ಅದನ್ನು ಯಾರೂ ಬರೆಯಲಿಲ್ಲ.