ಕೆಂಪು ಪಟ್ಟಿಯ ಗುಂಡು

1946ರ ನವೆಂಬರ್ 9, ಶನಿವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಯುದ್ಧಸ್ಮಾರಕ ಸಮಿತಿಯ ಗುಮಾಸ್ತ ಪ್ರಲ್ಹಾದ ಗಲಗಲಿ ಪುಣೆ ಕ್ಯಾಂಪಿನ ಪೊಲೀಸ್ ಠಾಣೆಗೆ ಏದುಸಿರು ಬಿಡುತ್ತ ಬಂದ.

"ಸಾಹೇಬ್ರ, ಸ್ಮಾರಕದಾಗಿನ ತೋಪಿನ ಗುಂಡು ಕಳುವಾಗೇದರಿ."

ಇನ್‌ಸ್ಪೆಕ್ಟರ್ ಮಾರ್ತಾಂಡ ಹುದ್ದಾರ ಧಾರವಾಡದ ಕಡೆಯವರು. ಪೆನ್ನು ಎತ್ತಿಕೊಂಡರು.

"ಎಷ್ಟಿದ್ದವು?"

"ಎರಡರಿ. ಕೆಂಪು ಪಟ್ಟಿ ಇದ್ದದ್ದು ಹೋಗೇದ. ಒಳಗ ಮದ್ದಿಲ್ಲ, ಖಾಲಿ ಗುಂಡು. ಆದ್ರ ಸೋಮವಾರ ಉದ್ಘಾಟನಾ ಅದರಿ."

ಎಫ್‌ಐಆರ್ ಬರೆದು ಮುಗಿಸಿ, ಕಾನ್‌ಸ್ಟೇಬಲ್ ಕಾಡಪ್ಪ ಮತ್ತು ಪ್ರಲ್ಹಾದನೊಂದಿಗೆ ಇನ್‌ಸ್ಪೆಕ್ಟರ್ ಹತ್ತು ಗಂಟೆಗೆ ಸ್ಥಳಕ್ಕೆ ಹೋದರು. ಕಬ್ಬಿಣದ ಬೇಲಿಯ ನಡುವೆ, ಬರ್ಮಾದ ಕಡಲಲ್ಲಿ ಮುಳುಗಿದ 'ಮಾಳವ' ಯುದ್ಧನೌಕೆಯ ಗಂಟೆ ತೂಗುತ್ತಿತ್ತು. ಪಕ್ಕದಲ್ಲಿ ಯುದ್ಧ ಮುಗಿಸಿ ಮರಳಿದ 'ಕೋರಮಂಡಲ' ನೌಕೆಯ ಲಂಗರು, ಒಂದು ತೋಪು. ತೋಪಿನ ಮುಂದೆ ಎರಡು ಕಲ್ಲಿನ ಪೀಠ. ಒಂದು ಬರಿದಾಗಿತ್ತು. ಬೇಲಿಯ ಬೀಗ ಒಡೆದಿರಲಿಲ್ಲ.

"ಕೀಲಿಕೈ ಯಾರ ಹತ್ರ ಅದ?"

"ನನ್ನ ಹತ್ರ ಒಂದು. ಹಿತ್ತಾಳಿ ತಿಕ್ಕೋ ನಿಜಲಿಂಗಪ್ಪನ ಹತ್ರ ಒಂದು. ನೇವಿಯೊಳಗ ತೋಪು ಹಾರಿಸೋ ಗನ್ನರ್ ಇದ್ದಾವರಿ. ಫೆಬ್ರುವರಿ ಮುಷ್ಕರದಾಗ ನೌಕರಿ ಕಳಕೊಂಡ. ಇವತ್ತ ಕೆಲಸಕ್ಕ ಬಂದಿಲ್ಲ."

ಪಂಚನಾಮೆ ನಡೆದಿರುವಾಗಲೇ ಖಡಕಿಯ ಮದ್ದುಗುಂಡಿನ ಡಿಪೋದಿಂದ ಇನ್‌ಸ್ಪೆಕ್ಟರ್ ಕರೆಸಿದ್ದ, ಮಂಗಳೂರು ಕಡೆಯ ತಜ್ಞ ಮೋಹನದಾಸ್ ಬಂದರು. ಉಳಿದ ಗುಂಡನ್ನು ತೂಗಿಸಿದರು. ಇಪ್ಪತ್ತೇಳು ರಾತ್ಲು, ಅಂದರೆ ಪೌಂಡು. ಗುಂಡುಗಳು ಬಂದಿದ್ದ ರೈಲ್ವೆ ಪಾರ್ಸಲ್ ರಸೀದಿಯಲ್ಲಿ ಎರಡರ ತೂಕವೂ ಇತ್ತು: ಒಂದು ಇಪ್ಪತ್ತೇಳು, ಇನ್ನೊಂದು ಮೂವತ್ತೊಂದು.

ಮೋಹನದಾಸ್ ರಸೀದಿಯನ್ನು ಎರಡು ಸಲ ಓದಿದರು. "ಕೆಂಪು ಪಟ್ಟಿ ಅಂದರೆ ಮದ್ದು ತುಂಬಿದ್ದು ಅಂತ ಗುರುತು. ತೂಕವೂ ಅದನ್ನೇ ಹೇಳುತ್ತದೆ. ಅದು ಜೀವಂತ ಗುಂಡು."

"ಕೈ ಜಾರಿ ಬಿದ್ರ?"

"ಮದ್ದು ಸಿಡಿಸುವ ಫ್ಯೂಸ್ ಕೆಟ್ಟಿದ್ದರೆ ಹತ್ತಿರ ಇದ್ದವರು ಯಾರೂ ಉಳಿಯುವುದಿಲ್ಲ."

ಪ್ರಲ್ಹಾದ ಬೇಲಿಯ ಸರಳು ಹಿಡಿದುಕೊಂಡ. "ನಿನ್ನೆ ಶಾಲಿ ಹುಡುಗ್ಯಾರು ಹಾಡು ಕಲಿಯಾಕ ಬಂದಿದ್ರು. ನಲವತ್ತು ಮಂದಿ. ಒಬ್ಬಾಕಿ ಅದರ ಮ್ಯಾಲೇ ಕುಂತಿದ್ಲರಿ..."

ಇನ್‌ಸ್ಪೆಕ್ಟರ್ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ನೌಕಾದಳ ಹೊರಹಾಕಿದ ಗನ್ನರ್. ಅವನ ಕೈಯಲ್ಲಿ ಜೀವಂತ ಗುಂಡು. ಸೋಮವಾರ ಇದೇ ಮೈದಾನದಲ್ಲಿ ಸಾವಿರಾರು ಜನ. ವ್ಯಾನು ತರಿಸಿ, ಕಾಡಪ್ಪನನ್ನೂ ಮೋಹನದಾಸರನ್ನೂ ಹತ್ತಿಸಿಕೊಂಡು ಹೊರಟರು.

ಮಧ್ಯಾಹ್ನ ಒಂದಕ್ಕೆ ಪೊಲೀಸ್ ವ್ಯಾನು ನಿಜಲಿಂಗಪ್ಪನ ಊರಾದ ನಿಗಡಿ ಹಳ್ಳಿ ಮುಟ್ಟಿತು. ಅವನ ಅಕ್ಕ ಶಿವಬಸವ್ವ ಅಂಗಳದಲ್ಲೇ ನಿಂತಿದ್ದಳು.

"ನಿನ್ನ ತಮ್ಮ ಎಲ್ಲಿ?"

"ಮುಂಜಾನೆ ಸೈಕಲ್ಲಿಗೆ ಹಸೀ ಗೋಣಿಚೀಲಾ ಕಟಗೊಂಡು ಬಂದ್ರಿ. ಒಲೀ ಆರಿಸು, ಕಲ್ಲಿನ ಖಣಿ ಕಡೆ ಯಾರನ್ನೂ ಬಿಡಬ್ಯಾಡ ಅಂದ. ಮಾರಿ ನೋಡಾಕ ಆಗ್ತಿರಲಿಲ್ಲ." ಅವಳು ಇನ್‌ಸ್ಪೆಕ್ಟರ್ ಕಾಲು ಹಿಡಿಯಲು ಬಗ್ಗಿದಳು. "ನನ್ನ ತಮ್ಮಗ ಗುಂಡು ಹಾಕಬ್ಯಾಡ್ರಿ, ಯಪ್ಪಾ."

ಪಾಳುಬಿದ್ದ ಖಣಿ ಊರಾಚೆ ಅರ್ಧ ಮೈಲಿ ದೂರದಲ್ಲಿತ್ತು. ಮೂವರೂ ಸದ್ದಿಲ್ಲದೆ ಇಳಿದರು. ಕಾಡಪ್ಪನ ಬೂಟಿನಡಿಯಿಂದ ಒಂದು ಕಲ್ಲು ಉರುಳಿತು.

"ನಿಂದರ್ರಿ! ಅಲ್ಲೇ ನಿಂದರ್ರಿ!"

ನಿಜಲಿಂಗಪ್ಪ ಬಂಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಎರಡೂ ಕೈಯಿಂದ ಗುಂಡನ್ನು ಎದೆಗೆ ಅವಚಿಕೊಂಡಿದ್ದ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಯಾರನ್ನ ಕೊಲ್ಲಾಕ ತಂದಿ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರನ್ನೂ ಅಲ್ರಿ. ಇಲ್ಲಿ ಹುಗೀಬೇಕಂತ ತಂದೆ. ಖಣಿ ಇಳಿಯೂ ಮುಂದ ಒಳಗ ಟಕ್ ಅಂತು. ಅವಾಗಿಂದ ಕೆಳಗ ಇಡಾಕ ಧೈರ್ಯ ಆಗವಲ್ದು."

ಇನ್‌ಸ್ಪೆಕ್ಟರ್ ಕಾಡಪ್ಪನನ್ನು ಮೇಲೆ ಕಳಿಸಿದರು. ಮೊಣಕಾಲೂರಿ ನಿಜಲಿಂಗಪ್ಪನ ಮುಂದೆ ಮರಳು ಗುಡ್ಡೆ ಹಾಕಿದರು. ಮೋಹನದಾಸ್ ಗುಂಡಿನ ತಲೆ ಹಿಡಿದರು. ಸೆಟೆದುಹೋಗಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಮರಳಿನ ಮೇಲೆ ಇಳಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಎರಡು ಗಂಟೆ ಐವತ್ತು ನಿಮಿಷಕ್ಕೆ ನಿಜಲಿಂಗಪ್ಪನನ್ನು ಬಂಧಿಸಲಾಯಿತು. ಐದು ಗಂಟೆಗೆ ಡಿಪೋದವರು ಖಣಿಯಲ್ಲೇ ಗುಂಡನ್ನು ಸಿಡಿಸಿದರು. ನಿಗಡಿಯ ಮನೆಗಳ ಹೆಂಚು ಅಲುಗಿದವು.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ನಡೆಯಲಿಲ್ಲ.

"ಅದರಾಗ ಮದ್ದು ಅದ ಅಂತ ಗುಮಾಸ್ತರಿಗೆ ಹೇಳಿದ್ಯೇನು?"

"ಎರಡು ಸಲ ಹೇಳಿದೆ. ಕೆಂಪು ಪಟ್ಟಿ ಛಂದ ಕಾಣತದ, ಇರಲಿ ಅಂದ್ರು."

"ಠಾಣೇಕ ಬರಬೇಕಿತ್ತು."

"ಮುಷ್ಕರದಾವ ಬಂದು ಬಾಂಬಿನ ಮಾತು ಆಡಿದ್ರ ನೀವು ಮೊದಲ ಯಾರನ್ನ ಹಿಡೀತಿದ್ರಿ, ಸಾಹೇಬ್ರ?"

ಇನ್‌ಸ್ಪೆಕ್ಟರ್ ಹಾಳೆ ಎಳೆದುಕೊಂಡರು. ಹೇಳಿಕೆ ಬರೆದುಕೊಂಡರು:

"ನಾನು 'ಮಾಳವ'ದಲ್ಲಿದ್ದಾಗ ಒಂದು ಗುಂಡಿನ ಫ್ಯೂಸ್ ಸಡಿಲಾಗಿದ್ದನ್ನು ಕಂಡಿದ್ದೆ. ಮೇಲಧಿಕಾರಿಗೆ ಅಂಜಿ ಬಾಯಿ ಬಿಡಲಿಲ್ಲ. ಅದು ತೋಪಿನ ಬುಡದಲ್ಲೇ ಸಿಡಿದು ನನ್ನ ಇಬ್ಬರು ಗೆಳೆಯರು ಸತ್ತರು. ನಿನ್ನೆ ಶಾಲೆಯ ಒಬ್ಬ ಹುಡುಗಿ ಸ್ಮಾರಕದ ಗುಂಡಿನ ಮೇಲೆ ಕುಳಿತು ಕಾಲಾಡಿಸುತ್ತ ಹಾಡುತ್ತಿದ್ದಳು. ನನಗೆ ಈ ಸಲವೂ ಅಂಜಿಕೆ ಆಯಿತು. ಆದರೂ ಎತ್ತಿಕೊಂಡೆ."

ಕೆಳಗೆ ಇನ್‌ಸ್ಪೆಕ್ಟರ್ ತಮ್ಮ ಕೈಯಿಂದಲೇ ಒಂದು ಷರಾ ಸೇರಿಸಿದರು: ಆರೋಪಿಗೆ ಓದು ಬರಹ ಬರುತ್ತದೆ. ಬೆರಳುಗಳು ಇನ್ನೂ ನೆಟ್ಟಗಾಗದ ಕಾರಣ ಸಹಿಯ ಬದಲು ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗಿದೆ.