ಆ ಹೆಸರು ಕೂಗಿದರೆ ಕುರಿ ಓಡಿಬರುತ್ತವಂತೆ!

"ಮಾಸ್ಕ್ ತೆಗೀರಿ."

ಕಂಪ್ಯೂಟರಿನಿಂದ ಕಣ್ಣು ಎತ್ತದೆಯೇ ಹೇಳಿದಳು ಅವಳು.

ಎದುರಿಗೆ ನಿಂತಿದ್ದವನು ಮಾಸ್ಕ್ ತೆಗೆಯಲಿಲ್ಲ. ತಲೆಯ ಟೋಪಿಯನ್ನು ಇನ್ನೊಂದಿಷ್ಟು ಕೆಳಗೆ ಎಳೆದುಕೊಂಡ.

"ಅಜ್ಜಿ ರೇಷನ್ ಸಲುವಾಗಿ ಬಂದೀನಿ. ಬೆರಳು ಇಟ್ರ ಸಾಕಾಗಲ್ಲೇನ್ರಿ?"

"ನಿಮ್ಮ ಬೆರಳು ಮೂರು ಸಲ ಫೇಲ್ ಆತು. ಮುಖ ತೋರಿಸ್ಬೇಕು. ಇಲ್ಲಾಂದ್ರ ರೇಷನ್ ಕಾರ್ಡಿನಾಗ ನಿಮ್ಮ ಹೆಸರು ತೆಗೀತಾರ, ನಿಮ್ಮ ಅಜ್ಜಿ ಅಕ್ಕಿಗೆ ತೊಂದರಿ ಆಕ್ಕೈತಿ. ತೆಗೀರಿ!"

ಅಜ್ಜಿಯ ಅಕ್ಕಿ ಎಂದ ಮೇಲೆ ಅವನ ಕೈ ಮೇಲೆದ್ದಿತು. ಮೆಲ್ಲಗೆ ಮಾಸ್ಕ್ ಕೆಳಗಿಳಿಯಿತು.

ಅವಳು ತಲೆ ಎತ್ತಿದಳು... ಉಸಿರು ಅಲ್ಲೇ ನಿಂತಿತು!

ಈ ಮುಖ... ಈ ಕಣ್ಣು... ಸಿಂಗರ್ ಸೂರಿ!

ಒಂದು ವರ್ಷದಿಂದ ದಿನಾ ಸಂಜೆ ಮಾಳಿಗೆಯ ಮೇಲೆ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಕೇಳುತ್ತಿದ್ದ ದನಿಯ ಒಡೆಯ. ಹತ್ತು ದಿನದ ಹಿಂದೆ ಅದೇ ಮಾಳಿಗೆಯ ಮೇಲೆ ಅವಳನ್ನು ಅಳಿಸಿದವನು!

ಅವನ ನೋಟ ಅವಳ ಕೊರಳಿನ ಐಡಿ ಕಾರ್ಡಿನ ಮೇಲೆ ಬಿತ್ತು. 'ಹುಸೇನಮ್ಮ, ಡಿಜಿಟಲ್ ಅಸಿಸ್ಟೆಂಟ್, ಗ್ರಾಮ ಸಚಿವಾಲಯ, ಹಾಲಹರವಿ.' ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

ಹತ್ತು ದಿನದ ಹಿಂದೆ ಏನಾಯಿತೆಂದರೆ, ಹೈದರಾಬಾದಿನ ಒಂದು ಟೀವಿ ಕಾರ್ಯಕ್ರಮದಲ್ಲಿ ನಿರೂಪಕಿ ನಗುತ್ತ ಕೇಳಿದಳು, ನಿಮ್ಮೂರಿನ ಹುಡುಗಿಯ ಹೆಸರಲ್ಲಿ ಒಂದು ಪ್ರೇಮಗೀತೆ ಹಾಡುತ್ತೀರಾ ಅಂತ. ಇವನೂ ನಕ್ಕ. "ನಮ್ಮ ಕಡೆ ಹುಡುಗಿಯರಿಗೆ ಹುಸೇನಮ್ಮ, ದಸ್ತಗಿರಮ್ಮ ಅಂತ ಹೆಸರಿಡ್ತಾರೆ. ಆ ಹೆಸರು ಕೂಗಿದ್ರೆ ಪ್ರೇಮ ಹುಟ್ಟಲ್ಲ ಮೇಡಂ, ಕುರಿಗಳು ಓಡಿಬರ್ತಾವೆ!" ಎಂದುಬಿಟ್ಟ.

ಎಂಟೇ ಸೆಕೆಂಡಿನ ಮಾತು. ಆಂಧ್ರದ ಈ ಗಡಿಸೀಮೆಯಲ್ಲಿ ಆದೋನಿಯಿಂದ ಪತ್ತಿಕೊಂಡದವರೆಗೆ ಹೊತ್ತಿಕೊಂಡು ಉರಿಯಿತು. ಅವನ ಪೋಸ್ಟರಿಗೆ ಸಗಣಿ ಬಿತ್ತು. ಸಿನಿಮಾದವರು ಅವನ ಹಾಡನ್ನು ಕೈಬಿಟ್ಟರು. 'ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ' ಎಂದು ಮ್ಯಾನೇಜರ್ ಬರೆದುಕೊಟ್ಟ ಸಾಲನ್ನು ಅವನು ಓದಿದ. ಉರಿಗೆ ಎಣ್ಣೆ ಬಿದ್ದಂತಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!

ಹುಸೇನಮ್ಮ ಎಂಟರ್ ಒತ್ತಿದಳು. ಪರದೆಯ ಮೇಲೆ ಅವನ ವಿವರ ತೆರೆದುಕೊಂಡಿತು. ತಂದೆ: ಮಾರೆಪ್ಪ. ಅಜ್ಜಿ: ದಸ್ತಗಿರಮ್ಮ. ಹೆಸರು... ಮೌಲಾಲಿ.

ಅಂದರೆ ತನ್ನ ಹಾಗೆ ಇವನೂ ಮೊಹರಮ್ಮಿನ ಪೀರಲದೇವರಿಗೆ ಹರಕೆ ಹೊತ್ತು ಪಡೆದ ಮಗ! ಸ್ವಂತ ಅಜ್ಜಿಯ ಹೆಸರನ್ನೇ ಹಿಡಿದು ನಕ್ಕಿದ್ದನೇ ಇವನು?

"ಮೇಡಂ... ಆ ಹೆಸರು ನಮ್ಮ ಓಣಿ ಬಿಟ್ರ ಹೊರಗ ಯಾರಿಗೂ ಗೊತ್ತಿಲ್ಲ. ದಯಮಾಡಿ..." ಅವನ ದನಿ ಪಿಸುಗುಟ್ಟಿತು.

ಅವಳು ಉತ್ತರಿಸುವಷ್ಟರಲ್ಲಿ ಪರದೆ ಬೆಳ್ಳಗಾಯಿತು.

"ಸರ್ವರ್ ಡೌನ್. ನಾಳೆ ಬರ್ರಿ," ಎಂದಳು ಬಿರುಸಾಗಿ.

ಬೇರೆ ಕಡೆ ಪ್ರೇಮ ಹುಟ್ಟುವುದಕ್ಕೆ ಬೆಳದಿಂಗಳು ಬೇಕಾಗುತ್ತದೆ. ನಮ್ಮ ಹಾಲಹರವಿಯಲ್ಲಿ ಸರ್ವರ್ ಡೌನ್ ಆದರೆ ಸಾಕು.

ಮರುದಿನವೂ ಸರ್ವರ್ ಬರಲಿಲ್ಲ. ಅವನು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ಕುಳಿತಿದ್ದ. ಹಿಂದಿನ ದಿನ ಬಿದ್ದ ಮಳೆಗೆ ಕಪ್ಪು ನೆಲ ಇನ್ನೂ ಘಮಘಮ ಎನ್ನುತ್ತಿತ್ತು. ಕಿಟಕಿಯಿಂದ ನೋಡಬಾರದು ಎಂದುಕೊಂಡೇ ಹುಸೇನಮ್ಮ ಹದಿನೈದು ಸಲ ನೋಡಿದಳು.

'ಉಪವಾಸ ಕೂತಾನಲ್ಲ... ಕೂಡಲಿ, ನನಗೇನು?'

ಮೂರನೆಯ ದಿನ ಅವಳೇ ಕಾಗದದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ ಅವನ ಮುಂದಿಟ್ಟಳು.

"ನೀವು ನನ್ನ ಬಯ್ಯಂಗಿಲ್ಲೇನ್ರಿ?" ಅವನು ಅಚ್ಚರಿಯಿಂದ ಕೇಳಿದ.

"ಬೈದ್ರ ನಿಮಗ ಹಗುರ ಆಕ್ಕೈತಿ. ಅದಕ್ಕ ಬಯ್ಯಾಕತ್ತಿಲ್ಲ."

ಅವನು ತಲೆ ತಗ್ಗಿಸಿದ. ಅವಳು ದೂರದ ಜೋಳದ ಹೊಲ ನೋಡುತ್ತ ನಿಧಾನವಾಗಿ ಹೇಳಿದಳು.

"ನಮ್ಮವ್ವಗ ನನಗಿಂತ ಮೊದಲ ಎರಡು ಕೂಸು ಹೋದುವು. ಮೂರನೇದು ಉಳಿದ್ರ ನಿನ್ನ ಹೆಸರ ಇಡ್ತೀನಿ ಅಂತ ಪೀರಲದೇವರ ಮುಂದ ಸೆರಗೊಡ್ಡಿದ್ಲು. ನಾನು ಉಳಿದೆ. ನನ್ನ ಹೆಸರು ಕೂಗಿದಾಗೆಲ್ಲ ನಮ್ಮವ್ವಗ ಕೂಸು ಬದುಕೈತಿ ಅಂತ ಕೇಳಸ್ತೈತ್ರಿ."

ಅವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ನಂದೂ ಅದ ಕತಿ," ಎಂದ. "ಹೈದರಾಬಾದಿನಾಗ ಮೊದಲನೇ ಆಡಿಷನ್‌ಗೆ ಹೋದಾಗ ಹೆಸರು ಕೇಳಿದ್ರು. ಹೇಳಿದೆ. ಎಲ್ಲಾರೂ ನಕ್ಕರು. ಆವತ್ತಿಂದ, ಮಂದಿ ನಗೋಕಿಂತ ಮೊದಲ ನಾನ ನಕ್ಕುಬಿಡಬೇಕು ಅಂತ ಕಲ್ತೆ."

"ಹಂಗಾರ ನಿಮ್ಮ ಹೆಸರು ಹಿಡಿದು ನಗಬೇಕಿತ್ತು! ನಮ್ಮ ಹೆಸರು ಯಾಕ ಬೇಕಾತು?"

ಅವಳ ಕಣ್ಣು ತುಂಬಿ ಬಂದವು. ಅವನು ಆ ಕಣ್ಣುಗಳನ್ನು ನೋಡಿದ. ನೆಪ ಹೇಳಲಿಲ್ಲ, ಸುತ್ತಿಬಳಸಲಿಲ್ಲ.

"ತಪ್ಪಾತು," ಎಂದ.

ಒಂದೇ ಮಾತು. ಆದರೆ ಅದು ಹಾಡುವ ದನಿಯಲ್ಲ, ಟೀವಿಯ ದನಿಯೂ ಅಲ್ಲ. ಮೌಲಾಲಿಯ ದನಿ! ಹುಸೇನಮ್ಮನ ಎದೆಯೊಳಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದ ಏನೋ ಒಂದು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಅಷ್ಟರಲ್ಲೇ ಒಳಗಿನಿಂದ ಯಾರೋ ಕೂಗಿದರು. "ಅಮ್ಮಾ, ಸರ್ವರ್ ವಚ್ಚಿಂದಿ! ಸರ್ವರ್ ಬಂತು!"

'ಹಾಳಾದ್ದು, ಈಗಲೇ ಬರಬೇಕಿತ್ತೇ!' ಎಂದುಕೊಂಡಳು ಅವಳು, ತನ್ನ ಕೆಲಸವೇ ಅದೆಂಬುದನ್ನು ಮರೆತು.

ಅವನ ಮುಖ ಪರದೆಯ ಮೇಲೆ ಮೂಡಿತು. ಹಸಿರು ಗುರುತು ಬಿತ್ತು.

"ಆತ್ರಿ. ನಾಳೆ ಬರೋದು ಬ್ಯಾಡ..."

"ಕೆಲಸ ಇಲ್ಲಾಂದ್ರ ಬರಬಾರದೇನ್ರಿ?"

ಅವಳು ಕೀಬೋರ್ಡಿನ ಕಡೆ ನೋಡುತ್ತ ನಕ್ಕಳು. ಆ ಸಂಜೆ ಮಾಳಿಗೆಯ ಮೇಲೆ ಅವಳು ಯಾವ ಹಾಡನ್ನೂ ಹಾಕಿಕೊಳ್ಳಲಿಲ್ಲ. ಮೋಡ ಬಳ್ಳಾರಿಯ ಕಡೆ ತೇಲಿಹೋಗುತ್ತಿತ್ತು. 'ತಪ್ಪಾತು' ಎಂಬ ಒಂದೇ ಮಾತು ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿತ್ತು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಸುಳ್ಳು ಯಾಕೆ ಹೇಳಬೇಕು?

ಮರುದಿನ ಅವನು ಬಂದ. ಮಾಸ್ಕ್ ಇರಲಿಲ್ಲ, ಮುಖದಲ್ಲಿ ಬೆಂಕಿಯಿತ್ತು.

ಕೈಯಲ್ಲಿದ್ದ ಫೋನನ್ನು ಅವಳ ಮೇಜಿನ ಮೇಲಿಟ್ಟ. ಯಾವುದೋ ಯೂಟ್ಯೂಬ್ ಚಾನೆಲ್ಲಿನ ಸುದ್ದಿ. 'ಸೂರಿ ಅಸಲಿ ಹೆಸರು ಮೌಲಾಲಿ! ಪೀರನ ಹೆಸರು ಬಚ್ಚಿಟ್ಟು ಊರ ಹೆಣ್ಣುಮಕ್ಕಳನ್ನು ನಗೆಪಾಟಲು ಮಾಡಿದ!' ಕೆಳಗೆ ಸಾವಿರಾರು ಬೈಗುಳ.

"ನನ್ನ ಕಾರ್ಡು ನೋಡಿದ್ದು ನೀವೊಬ್ಬರ."

"ಹೌದು."

"ಅಷ್ಟು ಸಿಟ್ಟಿತ್ತೇನ್ರಿ ನನ್ನ ಮ್ಯಾಲ? ಒಗ್ಗರಣಿ ತಂದುಕೊಟ್ಟದ್ದು ಇದಕ್ಕೇನು?"

'ನಾನಲ್ಲ' ಎನ್ನಬಹುದಿತ್ತು. ಆದರೆ ನಿನ್ನೆ ಎದೆ ಬಿಚ್ಚಿ ಹೆಸರಿನ ಕತೆ ಹೇಳಿದವಳಿಗೆ ಇವತ್ತು ಆಣೆಪ್ರಮಾಣ ಮಾಡುವ ಗತಿಯೇ?

"ಕೇಳಾಕ ಬಂದೀರೋ, ತೀರ್ಪು ಹೇಳಾಕ ಬಂದೀರೋ?"

ಅವನು ಫೋನ್ ಎತ್ತಿಕೊಂಡು ಹೊರಟುಹೋದ. ಅದೇ ಸಿಟ್ಟಿನಲ್ಲಿ ಮ್ಯಾನೇಜರಿಗೆ ಫೋನಿನಲ್ಲಿ, "ಇನ್ಯಾರು? ಆ ಸಚಿವಾಲಯದ ಹುಡುಗಿನೇ ಇರಬೇಕು," ಎಂದ.

ಬಾಯಿಗೆ ಬಂದ ಮತ್ತೊಂದು ಮಾತು!

ಎರಡು ದಿನ ಕಳೆಯುವುದರೊಳಗೆ ಮಂಡಲ ಕಚೇರಿಯ ಅಧಿಕಾರಿ ಗೋವರ್ಧನ ಸರ್ ಒಂದು ಮೆಮೋ ಹಿಡಿದು ಬಂದರು.

"ಹೈದರಾಬಾದಿನಿಂದ ಕಂಪ್ಲೇಂಟ್ ಬಂದೈತಮ್ಮ. ಆಧಾರ್ ವಿವರ ನೀನು ಹೊರಗ ಬಿಟ್ಟೀದಿ ಅಂತ. ಮೂರು ದಿನದಾಗ ಉತ್ತರ ಕೊಡು. ಸರಿ ಇಲ್ಲಾಂದ್ರ ಕೆಲಸ ಹೋಕ್ಕೈತಿ."

ಹುಸೇನಮ್ಮನ ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿದವಳು ಅವಳೊಬ್ಬಳೇ. ಅವ್ವ ಆದಿಲಕ್ಷ್ಮಿ ಹತ್ತಿ ಬಿಡಿಸುವ ಕೂಲಿಗೆ ಹೋಗಿಯೇ ಮಗಳನ್ನು ಓದಿಸಿದ್ದಳು. ಕಾಗದ ಹಿಡಿದು ಹುಸೇನಮ್ಮ ಕುಳಿತೇ ಇದ್ದಳು. ಕೆಲಸ ಹೋಗುತ್ತದೆ ಎಂಬ ಭಯವಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು.

'ಅವನೇ ಬರೆಸಿದನಾ? ನನ್ನ ಮೇಲೆ... ಅವನೇ?'

ಅತ್ತ ಮೌಲಾಲಿ ರೊಟ್ಟಿ ಮುರಿಯದೆ ತಟ್ಟೆಯ ಮುಂದೆ ಕುಳಿತಿದ್ದ. ಅಜ್ಜಿ ದಸ್ತಗಿರಮ್ಮ ಹತ್ತಿರ ಸರಿದು ಅವನ ತಲೆ ನೇವರಿಸಿದಳು.

"ಯಾಕೋ ಮೌಲಾಲಿ, ಮುಖ ಬಾಡೈತಲ್ಲ? ಟೀವಿಯಾಗ ನನ್ನ ಹೆಸರು ಹೇಳಿದೆಂತಲ್ಲೋ ನೀನು! ಓಣಿ ಮಂದಿ ಎಲ್ಲ ಹೇಳಿದ್ರು. ಅಷ್ಟು ದೊಡ್ಡ ಊರಾಗ ಕುಂತರೂ ಅಜ್ಜಿನ್ನ ಮರೀಲಿಲ್ಲ ನನ್ನಪ್ಪ!"

ಅಜ್ಜಿಗೆ ಟೀವಿಯಿಲ್ಲ, ತೆಲುಗೂ ಅಷ್ಟಕ್ಕಷ್ಟೆ. ಮೊಮ್ಮಗ ತನ್ನನ್ನು ನೆನೆಸಿದ ಎಂದಷ್ಟೇ ತಿಳಿದಿದ್ದಳು!

"ಮೊನ್ನೆ ಯಾರೋ ಫೋನ್ ಹಿಡ್ಕೊಂಡು ಬಂದಿದ್ರು. ನಿನ್ನ ಮ್ಯಾಲ ಮಂದಿ ಸಿಟ್ಟಾಗ್ಯಾರ ಅಂದ್ರು. ನಾನ ಹೇಳಿದೆ. ನನ್ನ ಮೊಮ್ಮಗ ಪೀರಲದೇವರು ಕೊಟ್ಟ ಕೂಸು, ಅವನ ಹೆಸರ ಮೌಲಾಲಿ, ಆ ಹೆಸರಿನವನ ಮ್ಯಾಲ ಯಾರರೆ ಸಿಟ್ಟಾಗ್ತಾರೇನು ಅಂತ. ಚಲೋ ಮಾಡಿದೆನಿಲ್ಲೋ?"

ಅವನು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಮಗುವಿನ ಹಾಗೆ ಅತ್ತ.

"ಚಲೋ ಮಾಡಿದೆಜ್ಜಿ... ಕೆಟ್ಟದ್ದು ಮಾಡಿದಾಂವ ನಾನು."

ಮ್ಯಾನೇಜರಿಗೆ ಫೋನ್ ಮಾಡಿದಾಗ ಅವನೇ ಕೊಟ್ಟಿದ್ದ ಕಂಪ್ಲೇಂಟಿನ ಸುದ್ದಿಯೂ ತಿಳಿಯಿತು. ಮೌಲಾಲಿ ಒಂದು ಗಳಿಗೆಯೂ ತಡಮಾಡಲಿಲ್ಲ. ಮಂಡಲ ಕಚೇರಿಗೆ ಹೋಗಿ, ಅವಳದೇನೂ ತಪ್ಪಿಲ್ಲ ಎಂದು ಬರಹದಲ್ಲಿ ಕೊಟ್ಟ. ಅದೇ ಕಚೇರಿಯ ಮೆಟ್ಟಿಲ ಮೇಲೆ ನಿಂತು ಲೈವ್ ಬಂದ. ಮೊದಲು ತೆಲುಗಿನಲ್ಲಿ, ಆಮೇಲೆ ಮನೆಮಾತಿನಲ್ಲಿ.

"ನನ್ನ ಹೆಸರು ಮೌಲಾಲಿ. ಅದನ್ನ ಯಾರೂ ಕದ್ದಿಲ್ಲ, ಬಚ್ಚಿಟ್ಟಾಂವ ನಾನ. ನಮ್ಮಜ್ಜಿ ಪ್ರೀತಿಲೆ ಹೇಳ್ಯಾಳ. ಸಚಿವಾಲಯದ ಮೇಡಂದು ಒಂದಕ್ಷರ ತಪ್ಪಿಲ್ಲ, ಅವರ ಮ್ಯಾಲ ಸುಳ್ಳು ಮಾತಾಡಿದವನೂ ನಾನ. 'ಯಾರಿಗಾದ್ರೂ ನೋವಾಗಿದ್ರ' ಅಂತ ಮೊದಲ ಓದಿದ್ದೆ. ಅದು ಸುಳ್ಳು. ನೋವಾಗೈತಿ. ನಾನು ಮಾಡೀನಿ."

ಕೆಲವರು ನಾಟಕ ಎಂದರು. ಕೆಲವರು ಸುಮ್ಮನಾದರು. ಹುಸೇನಮ್ಮನ ಮೆಮೋ ಮಾತ್ರ ಅದೇ ಸಂಜೆ ರದ್ದಾಯಿತು.

ಆದರೆ ಅವನು ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ... ಬೇವಿನ ಮರದ ನೆರಳು ಬರಿದಾಗಿಯೇ ಇತ್ತು.

'ಕೆಲಸ ಉಳಿಸಿಕೊಟ್ಟ, ಅಲ್ಲಿಗೆ ಮುಗೀತು ಅಂದುಕೊಂಡನೇನು?' ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಪೀರಲ ಹಬ್ಬದ ಒಂಬತ್ತನೇ ದಿನ. ಎಳೆಬಿಸಿಲು ಓಣಿಯ ಕಲ್ಲುಗೋಡೆಗಳಿಗೆ ಅರಿಸಿನ ಹಚ್ಚಿದಂತಿತ್ತು. ಎಲ್ಲೋ ಹಲಗೆಯ ಸದ್ದು, ಗಾಳಿಯಲ್ಲಿ ಊದಿನ ಹೊಗೆ. ಹುಸೇನಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

ಬಾಗಿಲ ಮುಂದೆ ಒಬ್ಬ ಫಕೀರ ಬಂದು ನಿಂತ.

ಪೀರನಿಗೆ ಹರಕೆಯಿಂದ ಹುಟ್ಟಿದವರು ಹಬ್ಬದಲ್ಲಿ ಫಕೀರರಾಗುವುದು ಇಲ್ಲಿಯ ಪದ್ಧತಿ. ಕೊರಳಿಗೆ ಕೆಂಪು ನೂಲಿನ ಲಾಡಿ, ಬರಿಗಾಲು, ಹೆಗಲಿಗೆ ಜೋಳಿಗೆ. ಐದು ಮನೆಯ ಮುಂದೆ ನಿಲ್ಲಬೇಕು. ಹೆಸರು ಕೇಳಿದರೆ ಹೇಳಬೇಕು. ಕೊಟ್ಟಿದ್ದು ಏನೇ ಇರಲಿ, ಬೇಡ ಎನ್ನುವಂತಿಲ್ಲ.

"ಯಾರಪ್ಪ ನೀನು?" ಆದಿಲಕ್ಷ್ಮಿ ಪದ್ಧತಿಯಂತೆ ಕೇಳಿದಳು.

"ಮೌಲಾಲಿ ಅದೀನ್ರೆವ್ವ."

ಅವ್ವ ಅವನನ್ನು ನೋಡಿದಳು. ಮೊರ ಹಿಡಿದು ಕಲ್ಲಾಗಿ ನಿಂತ ಮಗಳನ್ನೂ ನೋಡಿದಳು.

"ನೀನ ಹಾಕವ್ವ ಜ್ವಾಳ, ನನ್ನ ಕೈ ಹಿಟ್ಟಾಗೈತಿ," ಎಂದು ಒಳಗೆ ಹೋದಳು. ಅವಳ ಕೈಗೆ ಹಿಟ್ಟೇ ಇರಲಿಲ್ಲ!

ಇಬ್ಬರೇ ಉಳಿದರು.

"ಇದು ಎಷ್ಟನೇ ಮನಿ?" ಹುಸೇನಮ್ಮ ನೆಲ ನೋಡುತ್ತ ಕೇಳಿದಳು.

"ಐದನೇದು."

"ಉಳಿದ ಮನ್ಯಾಗ ಏನು ಕೊಟ್ರು?"

"ಎರಡು ಮನ್ಯಾಗ ಜ್ವಾಳ, ಒಂದರಾಗ ಬೆಲ್ಲ. ಇನ್ನೊಂದು ಮನ್ಯಾಗ ಬರೀ ಬೈಗುಳ. ಆಯಮ್ಮನ ಹೆಸರೂ ಹುಸೇನಮ್ಮ ಅಂತ."

ಬೇಡವೆಂದರೂ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ ಬಂತು.

"ನನ್ನ ಒಂದು ಮಾತು ಕೇಳಬೇಕಿತ್ತು ನೀವು. ನೀನಾ ಅಂತ... ಒಂದ ಮಾತು!"

"ಕೇಳಬೇಕಿತ್ತು. ಕೇಳಿದ್ರ ಇಲ್ಲ ಅಂತಿದ್ರಿ. ನಾನು ನಂಬತಿದ್ದೆ. ನಂಬಿದ್ರ ಇನ್ನ ನಿಮ್ಮನ್ನ ಬಿಟ್ಟು ಹೋಗಾಕ ಆಗ್ತಿದ್ದಿಲ್ಲ... ಅದಕ್ಕ ಅಂಜಿದೆ." ಅವನು ಜೋಳಿಗೆಯ ಬಾಯಿ ಬಿಡಿಸಿ ಹಿಡಿದ. "ಇಷ್ಟು ದಿನ ಮುಖ ಇಲ್ಲದ ಬರಲಿಲ್ಲ. ಇವತ್ತು ಬೇಡಾಕ ಬಂದೀನಿ. ಬೈಗುಳ ಹಾಕಿದ್ರೂ ತಗೊಂಡು ಹೋಗ್ತೀನಿ."

ಅವಳು ಮೊರದ ಜೋಳವನ್ನು ಜೋಳಿಗೆಗೆ ಸುರಿದಳು. ಅವನು ತಲೆಬಾಗಿ, ತಿರುಗಿ ಹೆಜ್ಜೆ ಇಟ್ಟ.

"ನಿಲ್ರಿ!"

ಅವನು ತಿರುಗಿ ನಿಂತ.

"ಕೊಟ್ಟಿದ್ದು ಬ್ಯಾಡ ಅನ್ನಂಗಿಲ್ಲ, ಹೌದಿಲ್ಲೋ?"

"ಅನ್ನಂಗಿಲ್ಲ."

"ಹಿಂದಕ್ಕ ಕೊಡಂಗೂ ಇಲ್ಲ?"

"ಸಾಯೋತನ ಕೊಡಂಗಿಲ್ಲ."

ಅವಳು ಮೊರವನ್ನು ಕೆಳಗಿಟ್ಟಳು. ಜೋಳಿಗೆಯ ಬಾಯಿ ಹಿಡಿದಿದ್ದ ಅವನ ಕೈಗಳ ನಡುವೆ ತನ್ನ ಕೈಯನ್ನು ಇಟ್ಟಳು. ಅವನು ಅದನ್ನು ಮೆಲ್ಲಗೆ, ಗಟ್ಟಿಯಾಗಿ ಹಿಡಿದುಕೊಂಡ.

ಒಳಗಿನಿಂದ ಅವ್ವನ ದನಿ ಬಂತು.

"ಏ ಹುಡುಗಿ, ಹಿಡಿ ಜ್ವಾಳ ಹಾಕಾಕ ಎಷ್ಟೊತ್ತ?"

"ಹಾಕಿದೆನವ್ವ..." ಹುಸೇನಮ್ಮ ಅವನ ಕಣ್ಣುಗಳನ್ನೇ ನೋಡುತ್ತ ಹೇಳಿದಳು. "ಇದ್ದದ್ದೆಲ್ಲಾ ಹಾಕಿದೆ!"